ಅಲೈನ್‌ಮೆಂಟ್ ಆಯ್ತು, ಹಸಿರು ಬಂತು ಅಂತಾರೆ. ಗಾಡಿ ಮಾತ್ರ ಇನ್ನೂ ಎಡಕ್ಕೇ ಎಳೆಯುತ್ತಿದೆ

ಮಲೆನಾಡ_ಮಳೆ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನ್ನದು ನಾಲ್ಕು ಮೀಟರ್ ಒಳಗಿನ ಪೆಟ್ರೋಲ್ ಎಸ್‌ಯುವಿ. 28,000 ಕಿ.ಮೀ. ಓಡಿದೆ, ಟೈರ್ 215/60 ಆರ್16. ಮೂರು ವಾರದ ಹಿಂದೆ ಶಿರಾಡಿ ಘಾಟಿ ಇಳಿಯುವಾಗ ನೀರು ತುಂಬಿದ ಗುಂಡಿಗೆ ಮುಂದಿನ ಎಡ ಚಕ್ರ ಬಿತ್ತು. ಸದ್ದು ಕೇಳಿ ಹಿಂದೆ ಕೂತಿದ್ದ ಅಮ್ಮ ಎದ್ದೇಬಿಟ್ಟರು. ರಿಮ್ ಬಗ್ಗಿಲ್ಲ, ಟೈರ್ ಊದಿಕೊಂಡಿಲ್ಲ. ಸದ್ಯ, ಬಚಾವಾದೆ ಅಂದುಕೊಂಡೆ.

ಮಾರನೇ ದಿನದಿಂದ ಗಾಡಿ ಎಡಕ್ಕೆ ಎಳೆಯಲು ಶುರು. ನಮ್ಮೂರ ಹತ್ತಿರ ಒಂದು ಕಡೆ ಅಲೈನ್‌ಮೆಂಟ್ ಮಾಡಿಸಿದೆ, 500 ರೂಪಾಯಿ. ಹುಡುಗ ಸ್ಕ್ರೀನ್ ಮೇಲೆ ಬೆರಳಿಟ್ಟು "ನೋಡಿ ಸಾರ್, ಒಟ್ಟು ಟೋ ಹಸಿರು" ಅಂದ. ಟೋ ಅಂದರೆ ಚಕ್ರ ಒಳಗೆ-ಹೊರಗೆ ತಿರುಗಿರುವ ಕೋನವಂತೆ, ಹಸಿರು ಅಂದರೆ ಸರಿ ಇದೆ ಅಂತ. ಹೊರಗೆ ಬಂದು ಹೈವೇ ಹತ್ತಿದರೆ ಸ್ಟೀರಿಂಗ್ ಬಲಕ್ಕೆ ಸೊಟ್ಟ. ಗಡಿಯಾರದ 12ರ ಮುಳ್ಳು ಒಂದು ನಿಮಿಷ ಮುಂದೆ ಸರಿದ ಹಾಗೆ. ಎಡಕ್ಕೆ ಎಳೆಯುವುದೂ ನಿಂತಿಲ್ಲ. ವಾಪಸ್ ಹೋಗಿ ಕೇಳಿದರೆ "ರೋಡೇ ಹಂಗಿದೆ ಸಾರ್" ಅನ್ನುತ್ತಾನೆ.

ಇನ್ನೊಂದು ಸಲ ದುಡ್ಡು ಹಾಕುವ ಮೊದಲು ಏನು ನೋಡಬೇಕು, ಯಾರಾದರೂ ಹೇಳಿ.

ತಟ್ಟೆಇಡ್ಲಿ · ಭಾನುವಾರ ರಾತ್ರಿ

ಮೊದಲು ಗಾಳಿ ನೋಡಿ ಮಾರಾಯ್ರೇ. ಒಂದು ಕಡೆ 33, ಇನ್ನೊಂದು ಕಡೆ 27 ಇದ್ದರೆ ಯಾವ ಗಾಡಿಯಾದರೂ ಕಡಿಮೆ ಇರುವ ಕಡೆಗೇ ಎಳೆಯುತ್ತದೆ. ನಂದು ಆಗಿದ್ದು ಅದೇ. 600 ರೂಪಾಯಿ ಕೊಟ್ಟು ಅಲೈನ್‌ಮೆಂಟ್ ಮಾಡಿಸಿದ ಮೇಲೆ ಗೊತ್ತಾಗಿದ್ದು, ವಾಲ್ವ್ ಸೋರುತ್ತಿತ್ತು ಅಂತ.

ಈ ಅಲೈನ್‌ಮೆಂಟ್ ಅಂಗಡಿಗಳದ್ದು ದೊಡ್ಡ ನಾಟಕ. 5000 ಕಿ.ಮೀ.ಗೊಮ್ಮೆ ಮಾಡಿಸಿ, ನೈಟ್ರೋಜನ್ ಹಾಕಿಸಿ, ಚಕ್ರ ವಾಲಿರುವ ಕೋನ ಅಂದರೆ ಕ್ಯಾಂಬರ್ ಮಾಡಿಸಿ... ನಮ್ಮಪ್ಪ ಅಂಬಾಸಡರ್ ಓಡಿಸಿದ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?

ಸ್ಪ್ಯಾನರ್_ಹಿಡಿದವ · ಸೋಮವಾರ ಬೆಳಿಗ್ಗೆ

ತಟ್ಟೆಇಡ್ಲಿ ಅವರೇ, ಆ ನಾಟಕದಲ್ಲಿ ನಾನೂ ಒಬ್ಬ ಪಾತ್ರಧಾರಿ. ಹುಬ್ಬಳ್ಳಿಯಲ್ಲಿ 11 ವರ್ಷದಿಂದ ಅಲೈನ್‌ಮೆಂಟ್ ಮಷಿನ್ ಮುಂದೆ ನಿಂತಿದ್ದೇನೆ. ಗಾಳಿಯ ವಿಷಯ ನೂರಕ್ಕೆ ನೂರು ಸರಿ. ಅಂಬಾಸಡರ್‌ಗೂ ಟೋ ಇತ್ತು, ದಾರ ಕಟ್ಟಿ ನೋಡುತ್ತಿದ್ದರು, ಅಷ್ಟೇ.

ಮಲೆನಾಡ_ಮಳೆ ಅವರೇ, ನಿಮ್ಮ ಗಾಡಿಗೆ ಎರಡು ಬೇರೆ ಬೇರೆ ಕಾಯಿಲೆ ಇರುವ ಹಾಗೆ ಕಾಣುತ್ತದೆ. ಸ್ಟೀರಿಂಗ್ ಸೊಟ್ಟ ಇರುವುದು ಒಂದು. ಕೈ ಬಿಟ್ಟಾಗ ಗಾಡಿ ಪಕ್ಕಕ್ಕೆ ಸರಿಯುವುದು ಇನ್ನೊಂದು. ಜನ ಎರಡಕ್ಕೂ "ಅಲೈನ್‌ಮೆಂಟ್ ಹೋಗಿದೆ" ಅಂತ ಒಂದೇ ಹೆಸರು ಹೇಳುತ್ತಾರೆ. ಪ್ರಿಂಟ್ ಕೊಟ್ಟಿದ್ದರೆ ಅದರಲ್ಲಿರುವ ಎಲ್ಲ ಅಂಕಿ ಇಲ್ಲಿ ಹಾಕಿ. ಹಸಿರು-ಕೆಂಪು ಬೇಡ, ಅಂಕಿ ಬೇಕು.

ಮಲೆನಾಡ_ಮಳೆ · ಸೋಮವಾರ ಮಧ್ಯಾಹ್ನ

ಗಾಳಿ ನೋಡಿದೆ. ನಾಲ್ಕೂ 33, ಬಾಗಿಲ ಕಂಬದ ಸ್ಟಿಕ್ಕರ್‌ನಲ್ಲಿ ಇರುವಷ್ಟೇ.

ಪ್ರಿಂಟ್ ಗ್ಲೋವ್ ಬಾಕ್ಸ್‌ನಲ್ಲಿ ಸಿಕ್ಕಿತು. ಮುಂದಿನ ಟೋ ಎಡ: ಮೈನಸ್ 18 ಮಿನಿಟ್. ಬಲ: ಪ್ಲಸ್ 22 ಮಿನಿಟ್. ಒಟ್ಟು: ಪ್ಲಸ್ 4 ಮಿನಿಟ್, ಹಸಿರು. ಕ್ಯಾಂಬರ್ ಎಡ ಮೈನಸ್ 35, ಬಲ ಮೈನಸ್ 25. ಹಿಂದಿನ ಚಕ್ರಗಳ ಅಂಕಿಯೂ ಇದೆ, ಅದರಲ್ಲಿ ಎಡ-ಬಲ ಹೆಚ್ಚು ಕಡಿಮೆ ಒಂದೇ. ಮಿನಿಟ್ ಅಂದರೆ ಸಮಯ ಅಲ್ಲ ತಾನೇ?

ಸ್ಪ್ಯಾನರ್_ಹಿಡಿದವ · ಸೋಮವಾರ ರಾತ್ರಿ

ಅಲ್ಲ. ಒಂದು ಡಿಗ್ರಿಯಲ್ಲಿ 60 ಮಿನಿಟ್.

ಈಗ ನೋಡಿ. ಮೇಲಿಂದ ನೋಡಿದಾಗ ಚಕ್ರದ ಮೂತಿ ಒಳಗೆ ತಿರುಗಿದ್ದರೆ ಟೋ-ಇನ್, ಪ್ಲಸ್. ಹೊರಗೆ ತಿರುಗಿದ್ದರೆ ಟೋ-ಔಟ್, ಮೈನಸ್. ನಿಮ್ಮ ಎಡ ಚಕ್ರ 18 ಮಿನಿಟ್ ಹೊರಗೆ, ಅಂದರೆ ಎಡಕ್ಕೆ ನೋಡುತ್ತಿದೆ. ಬಲ ಚಕ್ರ 22 ಮಿನಿಟ್ ಒಳಗೆ, ಅಂದರೆ ಅದೂ ಎಡಕ್ಕೇ ನೋಡುತ್ತಿದೆ. ಎರಡನ್ನೂ ಕೂಡಿದರೆ 4. ಹಸಿರು. ಲೆಕ್ಕ ಸರಿ, ಕೆಲಸ ತಪ್ಪು.

ಸ್ಟೀರಿಂಗ್ ನೇರ ಹಿಡಿದರೆ ಎರಡೂ ಚಕ್ರ ಸುಮಾರು 20 ಮಿನಿಟ್ ಎಡಕ್ಕೆ ನಿಲ್ಲುತ್ತವೆ. ಗಾಡಿ ನೇರ ಹೋಗಬೇಕೆಂದರೆ ನೀವು ಸ್ಟೀರಿಂಗನ್ನು ಬಲಕ್ಕೆ ತಿರುಗಿಸಲೇಬೇಕು. ಇಂಥ ಗಾಡಿಗಳಲ್ಲಿ ಚಕ್ರ ಒಂದು ಡಿಗ್ರಿ ತಿರುಗಲು ಸ್ಟೀರಿಂಗ್ ಸುಮಾರು 15 ಡಿಗ್ರಿ ತಿರುಗಬೇಕು. ಹಾಗಾಗಿ 20 ಮಿನಿಟ್‌ಗೆ 5 ಡಿಗ್ರಿ. ನೀವು ಹೇಳಿದ ಗಡಿಯಾರದ ಒಂದು ನಿಮಿಷ 6 ಡಿಗ್ರಿ. ಕಣ್ಣಳತೆ ಪರವಾಗಿಲ್ಲ ನಿಮ್ಮದು.

ಏನು ನಡೆದಿರುತ್ತದೆ ಅಂದರೆ, ಗುಂಡಿಗೆ ಬಿದ್ದು ಕೆಟ್ಟಿದ್ದು ಎಡಗಡೆ. ಹುಡುಗ ಬಲಗಡೆಯ ಟೈ ರಾಡ್ (ಸ್ಟೀರಿಂಗ್ ಕಡೆಯಿಂದ ಚಕ್ರಕ್ಕೆ ಹೋಗುವ ಸರಳು) ಒಂದನ್ನೇ ಅರ್ಧ ಸುತ್ತು ತಿರುಗಿಸಿ ಒಟ್ಟು ಅಂಕಿಯನ್ನು ಹಸಿರಿಗೆ ತಂದಿದ್ದಾನೆ. ಎಡಗಡೆಯ ಲಾಕ್ ನಟ್ ಜಾಮ್ ಆಗಿರಬಹುದು, ಅಥವಾ ಊಟದ ಹೊತ್ತಾಗಿರಬಹುದು.

ಸರಿಯಾದ ಕ್ರಮ ಹೇಳುತ್ತೇನೆ. ಸ್ಟೀರಿಂಗ್ ನೇರ ಮಾಡಿ ಸೀಟಿಗೆ ಆನಿಸಿ ಲಾಕ್ ಹಾಕಬೇಕು. ಆಮೇಲೆ ಟೈ ರಾಡ್ ತುದಿಯ ಲಾಕ್ ನಟ್ ಸಡಿಲ ಮಾಡಬೇಕು. ರ್‍ಯಾಕ್‌ನ ರಬ್ಬರ್ ಬೂಟ್‌ನ ಸಣ್ಣ ಕ್ಲಿಪ್ ಕೂಡ ಸರಿಸಬೇಕು. ರಾಡ್ ಬುಡಕ್ಕೆ ಹಾಕಿರುವ ರಬ್ಬರ್ ಚೀಲವೇ ಬೂಟ್. ಇಲ್ಲದಿದ್ದರೆ ರಾಡ್ ಜೊತೆ ಬೂಟೂ ತಿರುಚಿಕೊಳ್ಳುತ್ತದೆ, ಮಳೆಗಾಲದಲ್ಲಿ ಹರಿದು ನೀರು ಒಳಗೆ ಹೋಗುತ್ತದೆ, ಆಮೇಲೆ ಸ್ಟೀರಿಂಗ್ ರ್‍ಯಾಕಿಗೇ ಖರ್ಚು. ಒಂದು ಪೂರ್ತಿ ಸುತ್ತಿಗೆ ಅರ್ಧ ಡಿಗ್ರಿಗಿಂತ ಜಾಸ್ತಿ ಬದಲಾಗುತ್ತದೆ. ಅದಕ್ಕೇ ಕೊನೆಯಲ್ಲಿ ಕೂದಲೆಳೆಯಷ್ಟೇ ತಿರುಗಿಸುವುದು. ಲಾಕ್ ನಟ್ ಬಿಗಿ ಮಾಡುವಾಗ ರಾಡ್ ಜೊತೆಗೆ ತಿರುಗದ ಹಾಗೆ ಇನ್ನೊಂದು ಸ್ಪ್ಯಾನರ್ ಹಿಡಿಯಬೇಕು. ಬಿಗಿ ಮಾಡಿದ ಮೇಲೆ ಮತ್ತೆ ಸ್ಕ್ರೀನ್ ನೋಡಬೇಕು. ಈ ಕೊನೆಯ ನೋಟವನ್ನು ಹತ್ತರಲ್ಲಿ ಆರು ಜನ ಬಿಡುತ್ತಾರೆ, ನನ್ನ ಹುಡುಗರೂ ಸೇರಿ.

ಬೇರೆ ಅಂಗಡಿಗೆ ಹೋಗಿ "ಎಡ-ಬಲ ಎರಡೂ ಪ್ಲಸ್ 2 ಮಿನಿಟ್ ಬರಲಿ" ಅಂತ ಹೇಳಿ. ಸ್ಟೀರಿಂಗ್ ನೇರ ಆಗುತ್ತದೆ. ಎಳೆತ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಟೋದಿಂದ ಸ್ಟೀರಿಂಗ್ ಸೊಟ್ಟ ಆಗುತ್ತದೆ, ಟೈರ್ ಸವೆಯುತ್ತದೆ. ಗಾಡಿ ಒಂದೇ ಕಡೆಗೆ ಎಳೆಯಲು ಸಾಮಾನ್ಯವಾಗಿ ಬೇರೆ ಕಾರಣ ಇರುತ್ತದೆ.

ಹೊಸ_ಲೈಸೆನ್ಸ್ · ಸೋಮವಾರ ರಾತ್ರಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೈಯಬೇಡಿ. ನನ್ನ ಗಾಡಿ 90 ದಾಟಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆ. ಇದೂ ಅಲೈನ್‌ಮೆಂಟೇನಾ?

ತಟ್ಟೆಇಡ್ಲಿ · ಸೋಮವಾರ ರಾತ್ರಿ

ಅದು ಬ್ಯಾಲೆನ್ಸಿಂಗ್ ಕಣ್ರೀ. ರಿಮ್‌ಗೆ ಅಂಟಿಸಿದ ಸೀಸದ ತುಂಡು ಬಿದ್ದಿರುತ್ತದೆ. ನಡುಗಿದರೆ ಬ್ಯಾಲೆನ್ಸಿಂಗ್, ಸೊಟ್ಟ ಇದ್ದರೆ ಅಲೈನ್‌ಮೆಂಟ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ.

ದೂರದೂರಿನವ · ಮಂಗಳವಾರ

ನಾನು ಇರುವುದು ನ್ಯೂಜೆರ್ಸಿಯಲ್ಲಿ. ಗುಂಡಿ ನಮ್ಮಲ್ಲೂ ಇದೆ. ಚಳಿಗಾಲದಲ್ಲಿ ಡಾಂಬರಿನ ಸಂದಿಯಲ್ಲಿ ನೀರು ಹೆಪ್ಪುಗಟ್ಟಿ ಉಬ್ಬುತ್ತದೆ, ಕರಗಿದಾಗ ಕಿತ್ತುಬರುತ್ತದೆ. ಮಾರ್ಚ್ ಬಂತೆಂದರೆ ರಸ್ತೆ ತುಂಬ ಬಾಂಡಲಿಗಳು.

"ರೋಡೇ ಹಂಗಿದೆ" ಅನ್ನುವುದರಲ್ಲೂ ಸ್ವಲ್ಪ ಸತ್ಯ ಇದೆ. ನೀರು ಹರಿದುಹೋಗಲಿ ಅಂತ ರಸ್ತೆಯ ನಡು ಎತ್ತರ, ಅಂಚು ತಗ್ಗು ಇರುತ್ತದೆ. ಭಾರತದಲ್ಲಿ ಎಡಕ್ಕೆ ಓಡಿಸುವುದರಿಂದ ಗಾಡಿ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. ಇಲ್ಲಿ ಬಲಕ್ಕೆ. ನಾನು ಬಂದ ಹೊಸತರಲ್ಲಿ ಗಾಡಿ ಬಲಕ್ಕೆ ಹೋಗುತ್ತದೆ ಅಂತ ದುಡ್ಡು ಕೊಟ್ಟು ನೋಡಿಸಿದ್ದೆ, ಅವನು ನಕ್ಕು ಕಳಿಸಿದ. ಬೆಳಿಗ್ಗೆ ಖಾಲಿ ಇರುವ ಸಮತಟ್ಟು ಜಾಗದಲ್ಲಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಓಡಿಸಿ ನೋಡಿ. ಎರಡೂ ಸಲ ಎಡಕ್ಕೇ ಹೋದರೆ ರಸ್ತೆಯದ್ದಲ್ಲ.

ದಾರದ_ಗಣಿತ · ಮಂಗಳವಾರ

ಮಷಿನ್ ಇಲ್ಲದೆಯೂ ಟೋ ನೋಡಬಹುದು. ನಾನು ಧಾರವಾಡದಲ್ಲಿ ಮನೆ ಮುಂದಿನ ಸಿಮೆಂಟ್ ನೆಲದಲ್ಲೇ ನೋಡುತ್ತೇನೆ. ಮೇಷ್ಟ್ರ ಕೆಲಸ ಬಿಟ್ಟ ಮೇಲೆ ಸಮಯ ಇದೆ, ಹೆಂಡತಿಗೆ ತಲೆನೋವೂ ಇದೆ.

ಗಾಡಿಯ ಎರಡೂ ಪಕ್ಕಕ್ಕೆ ಉದ್ದಕ್ಕೂ ದಾರ ಎಳೆಯಿರಿ, ಚಕ್ರದ ನಡುಬಿಂದುವಿನ ಎತ್ತರಕ್ಕೆ. ನಾನು ನಾಲ್ಕು ಪ್ಲಾಸ್ಟಿಕ್ ಸ್ಟೂಲ್‌ಗೆ ಕಟ್ಟುತ್ತೇನೆ. ಮುಂದಿನ ಎರಡು ಚಕ್ರಗಳ ನಡುಬಿಂದುವಿನಿಂದ ದಾರಕ್ಕೆ ಇರುವ ದೂರ ಎಡಕ್ಕೂ ಬಲಕ್ಕೂ ಒಂದೇ ಇರಬೇಕು. ಹಿಂದಿನ ಎರಡಕ್ಕೂ ಹಾಗೆಯೇ. ಆದರೆ ಮುಂದಿನದೂ ಹಿಂದಿನದೂ ಒಂದೇ ಇರಬೇಕಿಲ್ಲ, ಯಾಕೆಂದರೆ ಮುಂದೆ ಹಿಂದೆ ಚಕ್ರಗಳ ನಡುವಿನ ಅಗಲ ಬೇರೆ ಇರಬಹುದು. ಇಲ್ಲೇ ಎಲ್ಲರೂ ಎಡವುವುದು. ದಾರ ಹೊಂದಿಸಲು ನನಗೆ ಅರ್ಧ ಗಂಟೆ, ಅಳೆಯಲು ಐದು ನಿಮಿಷ.

ಆಮೇಲೆ ರಿಮ್‌ನ ಮುಂದಿನ ಅಂಚಿನಿಂದ ದಾರಕ್ಕೆ ಎಷ್ಟು, ಹಿಂದಿನ ಅಂಚಿನಿಂದ ಎಷ್ಟು ಅಂತ ಸ್ಟೀಲ್ ಸ್ಕೇಲ್‌ನಲ್ಲಿ ನೋಡಿ. ಮುಂದಿನ ಅಂಚು ದಾರದಿಂದ ಜಾಸ್ತಿ ದೂರ ಇದ್ದರೆ ಟೋ-ಇನ್. 16 ಇಂಚಿನ ರಿಮ್‌ನಲ್ಲಿ 1 ಮಿ.ಮೀ. ವ್ಯತ್ಯಾಸ ಸುಮಾರು 8 ಮಿನಿಟ್. ಅಂದರೆ ನಿಮ್ಮ ಎಡ ಚಕ್ರದ ಮೈನಸ್ 18 ಅನ್ನುವುದು ಬರೀ 2 ಮಿ.ಮೀ. ಚಿಲ್ಲರೆ. ಇಷ್ಟು ಸಣ್ಣದಕ್ಕೆ ಸ್ಟೀರಿಂಗ್ ಸೊಟ್ಟ ಆಗುತ್ತದೆ ಅಂದರೆ ನೋಡಿ.

ಟೈ ರಾಡ್ ತಿರುಗಿಸಿದ ಮೇಲೆ ಟೈರ್ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ಅಂಕಿ ಸುಳ್ಳು ಹೇಳುತ್ತದೆ. ಚಕ್ರದ ಕೆಳಗೆ ಎರಡು ಟೈಲ್ಸ್ ಇಟ್ಟು ನಡುವೆ ಗ್ರೀಸ್ ಹಚ್ಚಿ, ಇಲ್ಲವೇ ಗಾಡಿಯನ್ನು ಹತ್ತು ಅಡಿ ಹಿಂದೆ-ಮುಂದೆ ತಳ್ಳಿ ಮತ್ತೆ ಅಳೆಯಿರಿ. ಪಕ್ಕದಿಂದ ನೋಡಿದಾಗಿನ ಓರೆ, ಅಂದರೆ ಕ್ಯಾಸ್ಟರ್ ಮಾತ್ರ ದಾರದಲ್ಲಿ ಸಿಗುವುದಿಲ್ಲ.

ಮಲೆನಾಡ_ಮಳೆ · ಗುರುವಾರ

ಹಾಸನದಲ್ಲಿ ಇನ್ನೊಂದು ಅಂಗಡಿಗೆ ಹೋಗಿ ನಿಂತು ಮಾಡಿಸಿದೆ. ಎಡಗಡೆಯ ಲಾಕ್ ನಟ್ ನಿಜವಾಗಿಯೂ ತುಕ್ಕು ಹಿಡಿದಿತ್ತು ಸ್ಪ್ಯಾನರ್ ಅವರೇ! ಎಣ್ಣೆ ಹೊಡೆದು, ಕಾದು, ತೆಗೆದರು. ಈಗ ಎಡ ಪ್ಲಸ್ 2, ಬಲ ಪ್ಲಸ್ 2. ಸ್ಟೀರಿಂಗ್ ನೇರ.

ಆದರೆ ಎಳೆತ ಹಾಗೇ ಇದೆ. ದೂರದೂರಿನವರು ಹೇಳಿದ ಹಾಗೆ ಎರಡೂ ದಿಕ್ಕಿನಲ್ಲಿ ಓಡಿಸಿ ನೋಡಿದೆ, ಎರಡೂ ಸಲ ಎಡಕ್ಕೇ. 60ರಲ್ಲಿ ಕೈ ಬಿಟ್ಟರೆ ನಾಲ್ಕೈದು ಸೆಕೆಂಡಿಗೆ ಪಕ್ಕದ ಗೆರೆ ದಾಟುತ್ತದೆ. ಬ್ರೇಕ್ ಒತ್ತಿದರೆ ಇನ್ನೂ ಜಾಸ್ತಿ.

ಆ ಅಂಗಡಿಯವರು "ಟೈರ್ ಹೋಗಿದೆ, ಮುಂದಿನ ಎರಡು ಹೊಸದು ಹಾಕಿಸಿ, ಜೊತೆಗೆ ಕ್ಯಾಂಬರ್ ಎಳೆದು ಕೊಡುತ್ತೇವೆ" ಅಂದರು. 14,000 ರೂಪಾಯಿ ಲೆಕ್ಕ ಹೇಳಿದರು. ಯೋಚಿಸಿ ಹೇಳುತ್ತೇನೆ ಅಂತ ಬಂದೆ.

ಸ್ಪ್ಯಾನರ್_ಹಿಡಿದವ · ಗುರುವಾರ ರಾತ್ರಿ

ದಯವಿಟ್ಟು ಬೇಡ. ಕ್ಯಾಂಬರ್ ಎಳೆಯುವುದು ಅಂದರೆ ಏನು ಗೊತ್ತಾ? ಹೈಡ್ರಾಲಿಕ್ ಜ್ಯಾಕ್ ಕೊಟ್ಟು ಸ್ಟ್ರಟ್ಟನ್ನೋ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಚಕ್ರ ಕೂರುವ ಸ್ಟೀರಿಂಗ್ ನಕಲ್ (knuckle) ಅನ್ನೋ ಬಗ್ಗಿಸುವುದು. ನಿಮ್ಮಂಥ ಗಾಡಿಗಳಲ್ಲಿ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಎರಡು ಚಕ್ರ ಜೋಡಿಸುವ ಅಡ್ಡ ತೊಲೆ, ಟಾರ್ಷನ್ ಬೀಮ್. ಕಂಪನಿ ಸಾಮಾನ್ಯವಾಗಿ ಕೊಟ್ಟಿರುವುದು ಮುಂದಿನ ಟೋ ಒಂದನ್ನೇ. ಕ್ಯಾಂಬರ್, ಕ್ಯಾಸ್ಟರ್, ಹಿಂದಿನ ಚಕ್ರದ ಯಾವ ಕೋನಕ್ಕೂ ತಿರುಗಿಸುವ ಬೋಲ್ಟ್ ಇರುವುದಿಲ್ಲ. ಅವು ತಪ್ಪಿದ್ದರೆ ಯಾವುದೋ ಭಾಗ ಬಗ್ಗಿದೆ ಅಥವಾ ಹರಿದಿದೆ ಅಂತ ಅರ್ಥ. ಬಗ್ಗಿದ್ದನ್ನು ಹುಡುಕದೆ ಇನ್ನೊಂದನ್ನು ಬಗ್ಗಿಸಿ ಅಂಕಿ ಹೊಂದಿಸುವುದು ನನ್ನ ಕಣ್ಣಿಗೆ ಕಳ್ಳತನವೇ. ನಿಮ್ಮ ಕ್ಯಾಂಬರ್‌ನಲ್ಲಿ ಎಡ-ಬಲಕ್ಕೆ 10 ಮಿನಿಟ್ ವ್ಯತ್ಯಾಸ, ಅದು ಏನೂ ಅಲ್ಲ. ಅಲ್ಲದೆ ಎಡಗಡೆ ಮೈನಸ್ ಜಾಸ್ತಿ ಇದ್ದರೆ, ಅಂದರೆ ಚಕ್ರದ ತಲೆ ಜಾಸ್ತಿ ಒಳಗೆ ವಾಲಿದ್ದರೆ, ಗಾಡಿ ಬಲಕ್ಕೆ ಎಳೆಯಬೇಕು, ಎಡಕ್ಕಲ್ಲ.

ಟೈರ್ ಅನುಮಾನ ಇದ್ದರೆ ಪುಕ್ಕಟೆ ಪರೀಕ್ಷೆ ಇದೆ. ಮುಂದಿನ ಎರಡು ಚಕ್ರಗಳನ್ನು ಎಡ-ಬಲ ಅದಲು ಬದಲು ಮಾಡಿ. ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಮಾತ್ರ ಮಾಡಬೇಡಿ. ಎಳೆತ ಬಲಕ್ಕೆ ಬದಲಾದರೆ ಟೈರ್, ಎಡದಲ್ಲೇ ಉಳಿದರೆ ಟೈರ್ ಅಲ್ಲ.

ಮತ್ತೆ, ಹೊಸ ಪ್ರಿಂಟ್‌ನಲ್ಲಿ ಕ್ಯಾಸ್ಟರ್ ಎಷ್ಟಿದೆ?

ಮಲೆನಾಡ_ಮಳೆ · ಶುಕ್ರವಾರ

ಚಕ್ರ ಬದಲಾಯಿಸಿದೆ. ಎಡಕ್ಕೇ ಎಳೆಯುತ್ತಿದೆ. 14,000 ಉಳಿಯಿತು.

ಕ್ಯಾಸ್ಟರ್ ಅಂತ ಬರೆದ ಕಡೆ ಬರೀ ಗೆರೆ ಇದೆ, ಅಂಕಿ ಇಲ್ಲ. ಹಳೇ ಪ್ರಿಂಟ್‌ನಲ್ಲೂ ಹಾಗೇ.

ಸ್ಪ್ಯಾನರ್_ಹಿಡಿದವ · ಶುಕ್ರವಾರ

ನನಗೆ ಬೇಕಿದ್ದ ಗೆರೆ ಅದೇ.

ಪಕ್ಕದಿಂದ ನೋಡಿದಾಗ ಸ್ಟ್ರಟ್‌ನ ತಲೆ ಸ್ವಲ್ಪ ಹಿಂದಕ್ಕೆ, ಕಾಲು ಮುಂದಕ್ಕೆ ಇರುತ್ತದೆ. ಆ ಓರೆಯೇ ಕ್ಯಾಸ್ಟರ್. ಸೈಕಲ್‌ನ ಮುಂದಿನ ಫೋರ್ಕ್ ಓರೆ ಇರುತ್ತಲ್ವಾ, ಹಾಗೆ. ತಿರುಗಿಸಿ ಬಿಟ್ಟ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ಹೆಚ್ಚಾಗಿ ಇದರಿಂದ. ಎರಡು ಕಡೆ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕ್ಯಾಸ್ಟರ್ ಕಡಿಮೆ ಇರುವ ಕಡೆಗೆ ಗಾಡಿ ಎಳೆಯಬಹುದು.

ಇದನ್ನು ಅಳೆಯಬೇಕೆಂದರೆ ತಿರುಗುವ ತಟ್ಟೆಯ ಮೇಲೆ ಚಕ್ರವನ್ನು ಎಡಕ್ಕೂ ಬಲಕ್ಕೂ ಇಷ್ಟು ಡಿಗ್ರಿ ಅಂತ ತಿರುಗಿಸಿ ತೋರಿಸಬೇಕು. ಎರಡು ಮೂರು ನಿಮಿಷದ ಕೆಲಸ. ಸಾಲಿನಲ್ಲಿ ನಾಲ್ಕು ಗಾಡಿ ನಿಂತಿದ್ದರೆ ಮೊದಲು ಬಿಡುವುದು ಇದನ್ನೇ. ಹೇಗೂ ಅಡ್ಜಸ್ಟ್ ಮಾಡಲು ಬರುವುದಿಲ್ಲ, ಸುಮ್ನೆ ಯಾಕೆ ಅಳೆಯುವುದು ಅನ್ನುತ್ತಾರೆ.

ಗುಂಡಿಯ ಅಂಚು ಚಕ್ರವನ್ನು ಹಿಂದಕ್ಕೆ ಒದೆಯುತ್ತದೆ. ಆ ಏಟು ತಿನ್ನುವುದು ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು, ಲೋವರ್ ಆರ್ಮ್, ಅದರಲ್ಲೂ ಅದರ ಹಿಂದಿನ ರಬ್ಬರ್ ಬುಷ್. ಅದು ಹರಿದರೆ ಸ್ಟ್ರಟ್‌ನ ಕಾಲು ಹಿಂದೆ ಸರಿಯುತ್ತದೆ, ಕ್ಯಾಸ್ಟರ್ ಕಡಿಮೆ ಆಗುತ್ತದೆ. ಬ್ರೇಕ್ ಒತ್ತಿದಾಗ ಇನ್ನಷ್ಟು ಸರಿಯುತ್ತದೆ. ನೀವು "ಬ್ರೇಕ್ ಒತ್ತಿದರೆ ಜಾಸ್ತಿ" ಅಂದಾಗಲೇ ನನಗೆ ಮೂಗು ಕೆರೆಯಿತು. ಡಿಸ್ಕನ್ನು ಒತ್ತುವ ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡರೂ ಹೀಗೆ ಎಳೆಯುತ್ತದೆ. ಹತ್ತು ಕಿ.ಮೀ. ಓಡಿಸಿ ನಿಲ್ಲಿಸಿ ಎರಡೂ ರಿಮ್ ಹತ್ತಿರ ಕೈ ಹಿಡಿದು ನೋಡಿ, ಒಂದು ಮಾತ್ರ ಸುಡುತ್ತಿದ್ದರೆ ಅದು.

ಇನ್ನೊಂದು. ಸ್ಟೀರಿಂಗ್ ನೇರ ಇಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಟೇಪ್ ಹಿಡಿಯಿರಿ, ಎರಡೂ ಪಕ್ಕ.

ಮಲೆನಾಡ_ಮಳೆ · ಶನಿವಾರ ಬೆಳಿಗ್ಗೆ

ರಿಮ್ ಎರಡೂ ಒಂದೇ ಬಿಸಿ. ಟೇಪ್ ಹಿಡಿದೆ, ಇನ್ನೊಂದು ತುದಿ ಮಗಳು ಹಿಡಿದಳು. ಬಲ: 2500 ಮಿ.ಮೀ. ಎಡ: 2492. ಮೂರು ಸಲ ಅಳೆದೆ. ಆಮೇಲೆ ಟೈರ್‌ಗೂ ಮುಂದಿನ ಬಂಪರ್ ಅಂಚಿಗೂ ನಡುವೆ ಬೆರಳು ತೂರಿಸಿ ನೋಡಿದೆ. ಬಲಗಡೆ ಮೂರು ಬೆರಳು ಬಿಗಿಯಾಗಿ ಹೋಗುತ್ತದೆ. ಎಡಗಡೆ ಮೂರು ಹೋಗಿ ಇನ್ನೂ ಸಂದಿ ಉಳಿಯುತ್ತದೆ. ಮೂರು ವಾರದಿಂದ ದಿನಾ ನೋಡುತ್ತಿರುವ ಗಾಡಿ, ಕಣ್ಣಿಗೇ ಬಿದ್ದಿರಲಿಲ್ಲ.

ದಾರದ_ಗಣಿತ · ಶನಿವಾರ

8 ಮಿ.ಮೀ.! ಸ್ಟ್ರಟ್‌ನ ತಲೆಯಿಂದ ಕೆಳಗಿನ ಬಾಲ್ ಜಾಯಿಂಟ್‌ವರೆಗೆ 60–65 ಸೆಂ.ಮೀ. ಅಂತ ಹಿಡಿದರೆ, ಕೋನ ಮುಕ್ಕಾಲು ಡಿಗ್ರಿ ಬದಲಾಗಿರಬೇಕು. ಪಂದ್ಯ ಕಟ್ಟುತ್ತೇನೆ, ಒಂದು ಪ್ಲೇಟ್ ಮಿರ್ಚಿ.

ಹೊಸ_ಲೈಸೆನ್ಸ್ · ಶನಿವಾರ

ಬ್ಯಾಲೆನ್ಸಿಂಗ್ ಮಾಡಿಸಿದೆ, ನಡುಕ ಹೋಯಿತು, ಥ್ಯಾಂಕ್ಸ್. ನನ್ನ ಗಾಡಿಯಲ್ಲಿ ಕನ್ನಡಿ ಹಿಂದೆ ಕ್ಯಾಮೆರಾ ಇದೆ, ಲೇನ್ ಬಿಟ್ಟರೆ ಸ್ಟೀರಿಂಗ್ ತಾನೇ ತಿರುಗಿಸುತ್ತದೆ. ಅಲೈನ್‌ಮೆಂಟ್ ಮಾಡಿಸಿದರೆ ಅದಕ್ಕೇನಾದರೂ ಆಗುತ್ತಾ?

ಸ್ಪ್ಯಾನರ್_ಹಿಡಿದವ · ಶನಿವಾರ

ಒಳ್ಳೆ ಪ್ರಶ್ನೆ. ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒ, ಎಲ್ಲದರ ಮೇಲಿನ ಮಾಡೆಲ್‌ಗಳಲ್ಲಿ ಈಗ ಇದು ಬಂದಿದೆ. ಸ್ಟೀರಿಂಗ್ ಎಷ್ಟು ತಿರುಗಿದೆ ಅಂತ ಹೇಳುವ ಸೆನ್ಸರ್‌ಗೆ "ಇದೇ ಸೊನ್ನೆ" ಅಂತ ಗೊತ್ತಿರಬೇಕು. ಸ್ಟೀರಿಂಗ್ ಸೊಟ್ಟ ಇಟ್ಟು ಟೋ ಮಾಡಿದರೆ ಗಾಡಿ ನೇರ ಹೋಗುತ್ತಿದ್ದರೂ ಕಂಪ್ಯೂಟರ್ ತಿರುಗುತ್ತಿದೆ ಅಂದುಕೊಳ್ಳುತ್ತದೆ, ಕೆಲವು ಗಾಡಿಗಳಲ್ಲಿ ಇಎಸ್‌ಪಿ (ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಹತ್ತುತ್ತದೆ. ಸ್ಕ್ಯಾನರ್ ಹಾಕಿ ಸೊನ್ನೆ ಮಾಡಿಸಬೇಕು. ಸಸ್ಪೆನ್ಷನ್ ಬಿಚ್ಚಿದ್ದರೆ ಮೊದಲು ಅಲೈನ್‌ಮೆಂಟ್, ಆಮೇಲೆ ಕ್ಯಾಮೆರಾ ಕ್ಯಾಲಿಬ್ರೇಷನ್. ಉಲ್ಟಾ ಮಾಡಿದರೆ ಎರಡೂ ದಂಡ.

ಮಲೆನಾಡ_ಮಳೆ · ಮುಂದಿನ ಬುಧವಾರ

ಸುದ್ದಿ ಇದೆ.

ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಲಿಫ್ಟ್‌ಗೆ ಏರಿಸಿದೆವು. ಮೊದಲು ಅವರು ಚಕ್ರ ಹಿಡಿದು ಅಲ್ಲಾಡಿಸಿದರು. ಮೇಲೆ-ಕೆಳಗೆ ಹಿಡಿದಾಗ ಆಟ ಇಲ್ಲ, ಬಾಲ್ ಜಾಯಿಂಟ್, ಬೇರಿಂಗ್ ಸರಿ. ಎಡ-ಬಲ ಹಿಡಿದಾಗಲೂ ಇಲ್ಲ, ಟೈ ರಾಡ್ ಸರಿ. ಆಮೇಲೆ ಲೋವರ್ ಆರ್ಮ್ ಸಂದಿಗೆ ಉದ್ದ ಪಟ್ಟಿ ಹಾಕಿ ಮೀಟಿದರು. ಹಿಂದಿನ ಬುಷ್ ಬಾಯಿ ತೆರೆಯಿತು! ರಬ್ಬರ್ ಅರ್ಧ ಸುತ್ತು ಹರಿದು, ಒಳಗೆ ಕೆಂಪು ಮಣ್ಣು ತುಂಬಿಕೊಂಡಿತ್ತು. ಪಟ್ಟಿ ಬಿಟ್ಟರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಸುಮ್ನೆ ಕೆಳಗೆ ಬಗ್ಗಿ ನೋಡಿದವರಿಗೆ ಏನೂ ಕಾಣುವುದಿಲ್ಲ. ಹೊಸ ಆರ್ಮ್ ಪಕ್ಕದಲ್ಲಿ ಇಟ್ಟಾಗ ಹಳೆಯದು ಸ್ವಲ್ಪ ಬಗ್ಗಿದ್ದೂ ಗೊತ್ತಾಯಿತು.

ಎಡಗಡೆ ಆರ್ಮ್ ಪೂರ್ತಿ ಬದಲಾಯಿಸಿದೆವು. ಬುಷ್ ಬೋಲ್ಟನ್ನು ಗಾಡಿ ನೆಲದ ಮೇಲೆ ಭಾರ ಹೊತ್ತು ನಿಂತ ಮೇಲೇ ಕೊನೆಯ ಬಿಗಿ ಮಾಡಿದರು. ಗಾಳಿಯಲ್ಲಿ ನೇತಾಡುವಾಗ ಬಿಗಿ ಮಾಡಿದರೆ ರಬ್ಬರ್ ಸದಾ ತಿರುಚಿಕೊಂಡೇ ಇರುತ್ತದಂತೆ, ಬೇಗ ಹರಿಯುತ್ತದಂತೆ.

ಆಮೇಲೆ ಮೂರನೇ ಸಲ ಅಲೈನ್‌ಮೆಂಟ್. ಈ ಸಲ ಕ್ಯಾಸ್ಟರ್ ಅಳೆಯದಿದ್ದರೆ ದುಡ್ಡು ಕೊಡುವುದಿಲ್ಲ ಅಂತ ಮೊದಲೇ ಹೇಳಿದೆ. ಎಡ 4 ಡಿಗ್ರಿ 5 ಮಿನಿಟ್, ಬಲ 4 ಡಿಗ್ರಿ 10. ಆರ್ಮ್ ಬದಲಾದ ಮೇಲೆ ಎಡ ಟೋ 20 ಮಿನಿಟ್ ಒಳಗೆ ಹೋಗಿತ್ತು, ಅದನ್ನು ಮತ್ತೆ 2ಕ್ಕೆ ತಂದರು. ಟೇಪ್: ಎರಡೂ ಕಡೆ 2500. ಸಕಲೇಶಪುರದಿಂದ ಹಾಸನದವರೆಗೆ ಓಡಿಸಿದೆ. ಮೊದಲ ಹತ್ತು ಕಿ.ಮೀ. ನನ್ನ ಕೈ ಅಭ್ಯಾಸಕ್ಕೆ ಬಲಕ್ಕೆ ಎಳೆಯುತ್ತಲೇ ಇತ್ತು!

ಎಡ ಟೈರ್‌ನ ಒಳ ಅಂಚಿನ ಮೇಲೆ ಕೈ ಆಡಿಸಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಚುಚ್ಚುತ್ತದೆ. ಅದು ಹೋಗುತ್ತಾ?

ಸ್ಪ್ಯಾನರ್_ಹಿಡಿದವ · ಬುಧವಾರ ರಾತ್ರಿ

ಅದು ಮೊದಲ ಅಲೈನ್‌ಮೆಂಟ್‌ಗೂ ಮುಂಚೆ ಟೋ-ಔಟ್‌ನಲ್ಲಿ ಓಡಿಸಿದ್ದರ ಗುರುತು. ಪೂರ್ತಿ ಹೋಗುವುದಿಲ್ಲ. ಮುಂದಿನ ಎರಡೂ ಟೈರ್ ಹಿಂದಕ್ಕೆ ಹಾಕಿ, ನಿಧಾನಕ್ಕೆ ಸಮ ಆಗುತ್ತದೆ. ಸ್ವಲ್ಪ ಗುಂಯ್ ಅನ್ನುವ ಸದ್ದು ಬರಬಹುದು, ಹೆದರಬೇಡಿ.

ತಟ್ಟೆಇಡ್ಲಿ · ಬುಧವಾರ ರಾತ್ರಿ

ಹಾಗಾದರೆ 5000ಕ್ಕೊಮ್ಮೆ ಮಾಡಿಸಬೇಕಾ ಬೇಡವಾ, ಸ್ಪ್ಯಾನರ್ ಅವರು ಎದೆ ಮುಟ್ಟಿ ಹೇಳಲಿ.

ಸ್ಪ್ಯಾನರ್_ಹಿಡಿದವ · ಗುರುವಾರ

ನನ್ನ ಗಾಡಿಗೆ 10,000ಕ್ಕೊಮ್ಮೆ ಚೆಕ್ ಮಾಡುತ್ತೇನೆ. ಸರಿ ಇದ್ದರೆ ಮುಟ್ಟುವುದೂ ಇಲ್ಲ. ಗುಂಡಿಗೆ ಜೋರಾಗಿ ಬಿದ್ದರೆ ಮಾತ್ರ ಮಾರನೇ ದಿನವೇ. ಇದನ್ನು ನಮ್ಮ ಮಾಲೀಕರಿಗೆ ಹೇಳಬೇಡಿ.

ಮಲೆನಾಡ_ಮಳೆ ಅವರೇ, ಹಳೇ ಆರ್ಮ್ ಗುಜರಿಗೆ ಹಾಕಿದಿರಾ? ನಮ್ಮಲ್ಲಿ ಹೊಸದಾಗಿ ಇಬ್ಬರು ಹುಡುಗರು ಸೇರಿದ್ದಾರೆ. ಹರಿದ ಬುಷ್ ಬಾಯಲ್ಲಿ ಹೇಳಿದರೆ ಅರ್ಥ ಆಗುವುದಿಲ್ಲ, ಕೈಯಲ್ಲಿ ಕೊಟ್ಟು ಮೀಟಿಸಬೇಕು.

ಮಲೆನಾಡ_ಮಳೆ · ಗುರುವಾರ

ಡಿಕ್ಕಿಯಲ್ಲೇ ಇದೆ. ನಾಳೆ ಗೋಣಿಚೀಲದಲ್ಲಿ ಸುತ್ತಿ ಹುಬ್ಬಳ್ಳಿ ಬಸ್ಸಿಗೆ ಪಾರ್ಸೆಲ್ ಹಾಕುತ್ತೇನೆ. ಮಣ್ಣು ತೊಳೆಯದೆ ಹಾಗೇ ಕಳಿಸಲಾ?

ಸ್ಪ್ಯಾನರ್_ಹಿಡಿದವ · ಗುರುವಾರ

ಹಾಗೇ ಕಳಿಸಿ.

ದಾರದ_ಗಣಿತ · ಗುರುವಾರ

ಹಳೇ ಕ್ಯಾಸ್ಟರ್ ಎಷ್ಟಿತ್ತು ಅಂತ ಬಿಚ್ಚುವ ಮೊದಲು ಯಾರೂ ಅಳೆಯಲೇ ಇಲ್ಲ. ನನ್ನ ಮಿರ್ಚಿಯ ಗತಿ ಏನು?